ಅಲ್ಲಾಡಿಸೋದು ಬೇರೆ, ಭಾರ ಹಾಕೋದು ಬೇರೆ

ಅಡಿಕೆ ಕೊನೆ ತೆಗೆಯೋಕೆ ಮರ ಹತ್ತಿದವರು ಜಾರಿ ಕಾಲೂರಿ ಬಿದ್ರೆ ಬಹಳ ಸಲ ಪುಡಿಯಾಗೋದು ಹಿಮ್ಮಡಿ ಮೂಳೆ. ಆಪರೇಷನ್ನೋ ಪ್ಲಾಸ್ಟರೋ ಮುಗಿಸ್ಕೊಂಡು ಮನೆಗೆ ಬಂದ್ರೆ ನೋಡೋಕೆ ಬಂದವರೆಲ್ಲ ಹೇಳೋದು ಒಂದೇ ಮಾತು, ಕಾಲು ಅಲ್ಲಾಡಿಸ್ಬೇಡ, ಮೂಳೆ ಕೂಡ್ಲಿ. ಡಾಕ್ಟರು ಪಾದ ಆಡಿಸೋಕೆ ಶುರುಮಾಡು ಅಂದ್ಮೇಲೂ ಇದೇ ಮಾತು, ಪ್ರೀತಿಯಿಂದಾನೇ ಹೇಳ್ತಾರೆ, ಆದ್ರೆ ಇದ್ರಿಂದ ಎಷ್ಟೋ ಜನರ ಪಾದ ಕಾಯಂ ಬಿಗಿದುಹೋಗುತ್ತೆ.

ಹಿಮ್ಮಡಿ ಮುರಿದ ಸುಮಾರು ಮುಕ್ಕಾಲು ಪಾಲು ಕೇಸಲ್ಲಿ ಬಿರುಕು ಕೀಲಿನೊಳಗೇ ಹೋಗಿರುತ್ತೆ. ಕೀಲಲ್ಲಿ ಮೂಳೆಗಳ ತುದಿಗೆ ಕಾರ್ಟಿಲೇಜ್ ಅನ್ನೋ ನುಣ್ಣಗಿನ ಪದರ ಇರುತ್ತಲ್ಲ, ದೊಡ್ಡವರಲ್ಲಿ ಅದಕ್ಕೆ ರಕ್ತನಾಳಾನೇ ಇಲ್ಲ! ಹಾಗಾದ್ರೆ ಊಟ ಎಲ್ಲಿಂದ? ಕೀಲಿನೊಳಗೆ ಇರೋ ದ್ರವದಿಂದ. ಪಾತ್ರೆ ತೊಳೆಯೋ ಸ್ಪಂಜು ಒತ್ತಿದ್ರೆ ನೀರು ಬಿಡುತ್ತೆ, ಬಿಟ್ರೆ ಹೀರುತ್ತೆ, ಕಾರ್ಟಿಲೇಜೂ ಕೀಲು ಆಡ್ದಾಗ ಹಾಗೇ ದ್ರವ ಬಿಟ್ಟು ಹೀರುತ್ತೆ. ಕೀಲು ವಾರಗಟ್ಟಲೆ ಆಡ್ದೇ ಇದ್ರೆ ಆ ಓಡಾಟ ಕಮ್ಮಿಯಾಗುತ್ತೆ, ಕಾರ್ಟಿಲೇಜ್ ತೆಳುವಾಗುತ್ತೆ, ಸುತ್ತ ಗಾಯದ ಅಂಗಾಂಶ ಅಂಟ್ಕೊಂಡು ಕೀಲನ್ನ ಬಿಗಿಯುತ್ತೆ.

ವೈದ್ಯರೂ ಇದನ್ನ ಒಪ್ಪೋಕೆ ನೂರು ವರ್ಷ ಜಗಳ ಆಡಿದ್ದಾರೆ. 19ನೇ ಶತಮಾನದಲ್ಲಿ ಲಿವರ್‌ಪೂಲ್‌ನ ಹ್ಯೂ ಓವನ್ ಥಾಮಸ್ ಸಂಪೂರ್ಣ, ದೀರ್ಘ ವಿಶ್ರಾಂತಿನೇ ಔಷಧಿ ಅಂತ ಪಟ್ಟು ಹಿಡಿದ್ರು, ಪ್ಯಾರಿಸ್ಸಿನ ಲೂಕಾ ಶಾಂಪಿಯೊನಿಯೇರ್ ಇಲ್ಲ, ಬೇಗ ಆಡಿಸ್ಬೇಕು ಅಂದ್ರು. ಆಮೇಲೆ 1970ರ ದಶಕದಲ್ಲಿ ಟೊರಾಂಟೋದ ರಾಬರ್ಟ್ ಸಾಲ್ಟರ್ ಮೊಲಗಳ ಮಂಡಿಯ ಕಾರ್ಟಿಲೇಜಿಗೆ ಗಾಯ ಮಾಡಿ, ಕೆಲವಕ್ಕೆ ಪ್ಲಾಸ್ಟರ್ ಹಾಕಿ, ಕೆಲವನ್ನ ಮಿಷನ್‌ಗೆ ಕಟ್ಟಿ ನಿಧಾನಕ್ಕೆ ಆಡಿಸ್ತಾ ಇಟ್ಟು ನೋಡಿದ್ರು. ಆಡಿಸಿದ ಮಂಡಿಗಳೇ ಚೆನ್ನಾಗಿ ಮಾಯ್ದವು.

ಎಲ್ಲರೂ ಗೊಂದಲ ಮಾಡ್ಕೊಳ್ಳೋದು ಆಡಿಸೋದಕ್ಕೂ ಭಾರ ಹಾಕೋದಕ್ಕೂ. ಹಿಮ್ಮಡಿ ಮುರಿದಾಗ ಭಾರ ಹಾಕೋಕೆ ಸಾಮಾನ್ಯವಾಗಿ 6ರಿಂದ 12 ವಾರ ಕಾಯಿಸ್ತಾರೆ, ಆದ್ರೆ ಆಪರೇಷನ್ ಗಾಯ ಒಣಗಿದ್ರೆ ಪಾದ ಮೇಲೆ ಕೆಳಗೆ ಮಾಡೋದು, ಒಳಗೆ ಹೊರಗೆ ವಾಲಿಸೋದು ತುಂಬ ಮುಂಚೆನೇ ಶುರುವಾಗುತ್ತೆ. ಆ ವಾಲಿಸೋ ಕೆಲಸ ಕಣಕಾಲಿನ ಗಂಟಿನ ಕೀಲಿಂದಲ್ಲ, ಅದರ ಕೆಳಗೆ ಹಿಮ್ಮಡಿ ಮೂಳೆ ಮೇಲೇ ಇರೋ ಇನ್ನೊಂದು ಕೀಲಿಂದ. ಅದು ಬಿಗಿದ್ರೆ ಟೈಲ್ಸ್ ನೆಲದ ಮೇಲೆ ನಡೀಬಹುದು, ಆದ್ರೆ ತೋಟದ ಏರಿ ಮೇಲೆ, ಕಲ್ಲು ದಾರೀಲಿ ಕಾಲು ನಿಲ್ಲೋದೇ ಇಲ್ಲ.

ಭಾರ ಹಾಕೋಕೆ ಪರ್ಮಿಷನ್ ಸಿಕ್ಕಾಗ ಫಿಸಿಯೋ ಮಾಡಿಸೋ ಒಂದು ಕೆಲಸ ನಂಗೆ ಬಹಳ ಇಷ್ಟ. ಮನೇಲಿರೋ ತೂಕದ ಮಿಷನ್ ನೆಲದ ಮೇಲಿಟ್ಟು, ವಾಕರ್ ಹಿಡ್ಕೊಂಡು, ಪೆಟ್ಟಾದ ಕಾಲು ಅದರ ಮೇಲಿಟ್ಟು ಮುಳ್ಳು 10 ಕೆಜಿಗೆ ಬರೋವರೆಗೂ ಮಾತ್ರ ಒತ್ತೋದು. ಹತ್ತು ಕೆಜಿ ಅಂದ್ರೆ ಎಷ್ಟು ಅಂತ ಪಾದಕ್ಕೆ ಗೊತ್ತಾದ್ಮೇಲೆ 20, ಆಮೇಲೆ ಮುಂದಕ್ಕೆ. ಕೊನೆಗೆ ಒಂಟಿ ಕಾಲಲ್ಲಿ ನಿಲ್ಲೋ ಅಭ್ಯಾಸ, ಯಾಕಂದ್ರೆ ಪಾದ ಎಲ್ಲಿದೆ, ಎಷ್ಟು ವಾಲಿದೆ ಅಂತ ಮಿದುಳಿಗೆ ಹೇಳೋ ವ್ಯವಸ್ಥೆನೂ ಈ ತಿಂಗಳುಗಳಲ್ಲಿ ಮಂಕಾಗಿರುತ್ತೆ.

ಇನ್ನು ಎಣ್ಣೆ ಹಚ್ಚಿ ಬಲವಂತವಾಗಿ ತಿರುಚೋರ ಹತ್ರ ದಯವಿಟ್ಟು ಹೋಗ್ಬೇಡಿ, ಸರಿಯಾಗಿ ಕೂಡದ ಮೂಳೆ ಜರುಗುತ್ತೆ. ವ್ಯಾಯಾಮ ಮಾಡ್ವಾಗ ಸ್ವಲ್ಪ ನೋವು, ಸಂಜೆ ಊತ ತಿಂಗಳುಗಟ್ಟಲೆ ಇರೋದು ಮಾಮೂಲು. ಬೆಳಿಗ್ಗೆ ಎದ್ದಾಗಲೂ ನೋವು ಹಿಂದಿನ ದಿನಕ್ಕಿಂತ ಜಾಸ್ತಿ ಇದ್ರೆ ಅವತ್ತಿನ ವ್ಯಾಯಾಮ ಕಮ್ಮಿ ಮಾಡಿ, ಫಿಸಿಯೋಗೆ ಹೇಳಿ.