ನೋಟಿಸ್ ಆಫ್ ಅಪೀಲ್ ಮತ್ತು ಅದರ ಗಡುವು

ಅಮೆರಿಕದ ಫೆಡರಲ್ ಜಿಲ್ಲಾ ಕೋರ್ಟಿನಲ್ಲಿ ಸೋತವರು ಮೇಲಿನ ಕೋರ್ಟಿಗೆ ಹೋಗಲು ಮೊದಲು ಸಲ್ಲಿಸುವ ಕಾಗದವೇ ‘ನೋಟಿಸ್ ಆಫ್ ಅಪೀಲ್’. ಅದರಲ್ಲಿ ವಾದ ಬೇಕಿಲ್ಲ. ಯಾರು, ಯಾವ ತೀರ್ಪಿನ ವಿರುದ್ಧ, ಯಾವ ಕೋರ್ಟಿಗೆ ಹೋಗುತ್ತಿದ್ದಾರೆ ಎಂದು ಬರೆದ ಒಂದು ಪುಟ ಸಾಕು. ಕೊಡಬೇಕಾದ್ದು ಮಾತ್ರ ತೀರ್ಪು ಬಂದ ಜಿಲ್ಲಾ ಕೋರ್ಟಿನ ಕ್ಲರ್ಕ್ ಕಚೇರಿಗೇ.

ಸಿವಿಲ್ ಪ್ರಕರಣಕ್ಕೆ 30 ದಿನ. ಫೆಡರಲ್ ಸರ್ಕಾರ ಕಕ್ಷಿಯಾಗಿದ್ದರೆ ಎರಡೂ ಕಡೆಯವರಿಗೆ 60. ಗ್ರೀನ್ ಕಾರ್ಡ್ ಅರ್ಜಿ ಕೊಳೆಯುತ್ತಿದೆ ಎಂದು ವಲಸೆ ಇಲಾಖೆಯ ಮೇಲೆ ದಾವೆ ಹೂಡುವ ನಮ್ಮವರಿಗೆ ಈ 60 ಅನ್ವಯ. ಕ್ರಿಮಿನಲ್ ಆರೋಪಿಗೆ 14 ದಿನ ಮಾತ್ರ.

ಲೆಕ್ಕ ಶುರುವಾಗುವುದು ತೀರ್ಪು ಕೈಸೇರಿದ ದಿನದಿಂದಲ್ಲ, ಕೋರ್ಟಿನ ಡಾಕೆಟ್‌ನಲ್ಲಿ, ಅಂದರೆ ಪ್ರಕರಣದ ದಾಖಲೆ ಪುಸ್ತಕದಲ್ಲಿ, ದಾಖಲಾದ ದಿನದಿಂದ. ಆ ದಿನವನ್ನು ಬಿಟ್ಟು ಮರುದಿನ ಒಂದು ಎಂದು ಎಣಿಸಬೇಕು; ನಡುವಿನ ರಜೆಗಳೂ ಸೇರುತ್ತವೆ. 2025ರ ಮಾರ್ಚ್ 6ರಂದು ದಾಖಲಾದರೆ 30ನೇ ದಿನ ಏಪ್ರಿಲ್ 5, ಶನಿವಾರ. ಹಾಗಾಗಿ ಸೋಮವಾರ, 7ರವರೆಗೆ ಅವಕಾಶ. ನಮ್ಮಲ್ಲಿಯಂತೆ ಸರ್ಟಿಫೈಡ್ ಕಾಪಿಗೆ ಹಿಡಿದ ದಿನಗಳನ್ನು ಕಳೆಯುವ ಪದ್ಧತಿ ಅಲ್ಲಿಲ್ಲ.

ಹೆಚ್ಚಿನವರು ಎಡವುವುದು ಮರುವಿಚಾರಣೆಯ ಅರ್ಜಿಯಲ್ಲಿ. ತೀರ್ಪು ತಿದ್ದಲು ಕೋರುವ ಅರ್ಜಿಯನ್ನು 28 ದಿನದೊಳಗೆ ಹಾಕಿದರೆ ಅಪೀಲಿನ ಗಡಿಯಾರ ನಿಂತು, ಆ ಅರ್ಜಿ ಇತ್ಯರ್ಥವಾದ ಮೇಲೆ ಹೊಸದಾಗಿ ಓಡುತ್ತದೆ. 29ನೇ ದಿನ ಹಾಕಿದರೆ ಗಡಿಯಾರ ನಿಲ್ಲುವುದೇ ಇಲ್ಲ. ಈ 28 ದಿನವನ್ನು ವಿಸ್ತರಿಸುವ ಅಧಿಕಾರ ಜಡ್ಜ್‌ಗೂ ಇಲ್ಲ.

ಅಪೀಲಿನ ಗಡುವು ಮೀರಿದರೂ ಮುಂದಿನ 30 ದಿನದೊಳಗೆ ಸಕಾರಣ ತೋರಿಸಿ ಜಿಲ್ಲಾ ಕೋರ್ಟಿನಿಂದ ವಿಸ್ತರಣೆ ಕೇಳಬಹುದು. ಭಾರತದ ಕಾಲಮಿತಿ ಕಾನೂನಾದ ಲಿಮಿಟೇಷನ್ ಕಾಯ್ದೆಯ 5ನೇ ಕಲಮಿನಡಿ ವಿಳಂಬ ಮನ್ನಾ ಪಡೆದು ರೂಢಿಯಾದ ನಮ್ಮ ವಕೀಲರಿಗೆ ಇದು ಉಸಿರುಗಟ್ಟಿಸುವಷ್ಟು ಇಕ್ಕಟ್ಟು.

ತೀರ್ಪಿನ ಸೂಚನೆಯೇ 21 ದಿನದೊಳಗೆ ತಲುಪದಿದ್ದವರಿಗೆ ಇನ್ನೊಂದು ಕಿಂಡಿ ಇದೆ: ತೀರ್ಪು ದಾಖಲಾಗಿ 180 ದಿನ, ಇಲ್ಲವೇ ಸೂಚನೆ ಸಿಕ್ಕಿ 14 ದಿನ, ಯಾವುದು ಮೊದಲೋ ಅದರೊಳಗೆ ಅರ್ಜಿ ಹಾಕಿದರೆ ಕೋರ್ಟು 14 ದಿನ ಬಾಗಿಲು ತೆರೆಯಬಹುದು. ‘ಬೌಲ್ಸ್ ವರ್ಸಸ್ ರಸೆಲ್’ ಪ್ರಕರಣದಲ್ಲಿ ಜಡ್ಜ್ ಲೆಕ್ಕ ತಪ್ಪಿ 17 ದಿನ ಕೊಟ್ಟರು, 2004ರ ಫೆಬ್ರವರಿ 27ರವರೆಗೆ. ಅಪೀಲು 26ರಂದು ಬಂತು. ಕಾನೂನಿನ ಪ್ರಕಾರ ಗಡುವು 24ಕ್ಕೇ ಮುಗಿದಿತ್ತು. ಸುಪ್ರೀಂ ಕೋರ್ಟು 2007ರಲ್ಲಿ 5–4 ಬಹುಮತದಿಂದ ಅಪೀಲು ನಿಲ್ಲುವುದಿಲ್ಲ ಎಂದಿತು: ಇದು ಸಂಸತ್ತೇ ಶಾಸನದಲ್ಲಿ ಹಾಕಿದ ಮಿತಿ, ಜಡ್ಜ್ ಮಾತು ನಂಬಿದ್ದು ನೆಪವಾಗದು. ಆದ್ದರಿಂದಲೇ ಆದೇಶದಲ್ಲಿ ಬರೆದ ತಾರೀಖನ್ನೂ ಅಲ್ಲಿನ ವಕೀಲರು ಕ್ಯಾಲೆಂಡರ್ ಇಟ್ಟುಕೊಂಡು ಮತ್ತೆ ಎಣಿಸುತ್ತಾರೆ.