ಕಂಪನಿ ಸಂಬಳದ ಬಿಷಪ್ಪರು: ಕಲ್ಕತ್ತಾ ಪೀಠದ ಕಥೆ

1814ರ ಮೇ 8ರಂದು ಲಂಡನ್ನಿನ ಲ್ಯಾಂಬೆತ್ ಅರಮನೆಯ ಪ್ರಾರ್ಥನಾ ಮಂದಿರದಲ್ಲಿ ಥಾಮಸ್ ಮಿಡಲ್ಟನ್ ಅವರಿಗೆ ಕಲ್ಕತ್ತಾದ ಬಿಷಪ್ ಪಟ್ಟ ಕಟ್ಟಲಾಯಿತು. ಡಂಗುರವಿಲ್ಲ, ಸಡಗರವಿಲ್ಲ. ಅಂದು ಮಾಡಿದ ಧರ್ಮೋಪದೇಶವನ್ನು ಅಚ್ಚು ಹಾಕಿಸುವುದಕ್ಕೂ ಹಿಂದೆ ಮುಂದೆ ನೋಡಿ ಕೈಬಿಟ್ಟರು. ಎಂಟು ವರ್ಷಗಳ ಹಿಂದೆ ವೆಲ್ಲೂರಿನಲ್ಲಿ ಸಿಪಾಯಿಗಳು ದಂಗೆಯೆದ್ದಿದ್ದರು. ಅದಕ್ಕೆ ಮಿಷನರಿಗಳೇ ಕಾರಣವೆಂದು ಗೂಬೆ ಕೂರಿಸಿದವರು ಈಸ್ಟ್ ಇಂಡಿಯಾ ಕಂಪನಿಯಲ್ಲಿ ಬೇಕಾದಷ್ಟು ಜನರಿದ್ದರು. ಬಿಷಪ್ಪರೇ ಬಂದಿಳಿದರೆ ಇನ್ನೇನು ಗತಿ ಎಂಬ ಅಂಜಿಕೆ. ನವೆಂಬರಿನಲ್ಲಿ ಮಿಡಲ್ಟನ್ ಕಲ್ಕತ್ತಾ ಮುಟ್ಟಿದಾಗ ದಂಗೆ ಹಾಗಿರಲಿ, ಊರಿನವರು ತಿರುಗಿಯೂ ನೋಡಲಿಲ್ಲ.

ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಅಧಿಕೃತ ಚರ್ಚಿನ, ಪದ್ಧತಿಯಲ್ಲಿ ಬಿಷಪ್ಪರಿಗೆ ಮಾತ್ರ ಮೀಸಲಾದ ಕೆಲಸಗಳು ಮೂರು: ಪಾದ್ರಿಗಳಿಗೆ ದೀಕ್ಷೆ ಕೊಡುವುದು, ದೀಕ್ಷಾಸ್ನಾನ ಪಡೆದವರ ತಲೆಯ ಮೇಲೆ ಕೈಯಿಟ್ಟು ಅವರನ್ನು ದೃಢೀಕರಿಸುವುದು, ಚರ್ಚುಗಳನ್ನು ಪ್ರತಿಷ್ಠಾಪಿಸುವುದು. ಇವೆಲ್ಲವೂ 1814ರವರೆಗೆ ಭಾರತದಲ್ಲಿ ಯಾರ ಕೈಯಲ್ಲೂ ಆಗದ ಕೆಲಸಗಳು. ಕಂಪನಿಯ ಪಾದ್ರಿಗಳು ಇಂಗ್ಲೆಂಡಿನಲ್ಲೇ ದೀಕ್ಷೆ ಪಡೆದು ಹಡಗು ಹತ್ತಬೇಕಿತ್ತು. ತಂಜಾವೂರಿನ ಕಡೆಯ ಆಂಗ್ಲಿಕನ್ ಹಣದ ಮಿಷನ್ನುಗಳಲ್ಲಿ ದುಡಿದವರು ಲುಥೆರನ್ ಎಂಬ ಬೇರೆ ಪ್ರೊಟೆಸ್ಟೆಂಟ್ ಪಂಗಡದ ದೀಕ್ಷೆಯ ಪಾದ್ರಿಗಳು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಚರ್ಚಿಗೆ 1808ರಲ್ಲೇ ಅಡಿಪಾಯ ಬಿದ್ದಿದ್ದರೂ ಪ್ರತಿಷ್ಠೆಯಾದದ್ದು 1816ರಲ್ಲಿ, ಕಲ್ಕತ್ತಾದ ಬಿಷಪ್ಪರು ದಕ್ಷಿಣದ ಪ್ರವಾಸಕ್ಕೆ ಬಂದಾಗ.

ಈ ಹುದ್ದೆ ಹುಟ್ಟಿದ್ದು 1813ರ ಚಾರ್ಟರ್ ಕಾಯ್ದೆಯಿಂದ. ಒಬ್ಬ ಬಿಷಪ್ಪರು, ಕಲ್ಕತ್ತಾ, ಮದರಾಸು, ಬೊಂಬಾಯಿಗಳಿಗೆ ಒಬ್ಬೊಬ್ಬ ಆರ್ಚ್‌ಡೀಕನ್ (ಬಿಷಪ್ಪರ ಕೈಕೆಳಗಿನ ಹಿರಿಯ ಪಾದ್ರಿ). ಬಿಷಪ್ಪರ ಸಂಬಳ ವರ್ಷಕ್ಕೆ 5,000 ಪೌಂಡ್, ಆರ್ಚ್‌ಡೀಕನ್ನರದು 2,000. ದುಡ್ಡು ಬರುತ್ತಿದ್ದದ್ದು ಭಾರತದ ಕಂದಾಯದಿಂದ. ಚರ್ಚಿನ ಹೊಸ್ತಿಲು ತುಳಿಯದ ರೈತನ ತೆರಿಗೆಯೇ ಅದು! ನೇಮಕ ರಾಜಮುದ್ರೆಯ ಪತ್ರದ ಮೇಲೆ. ಆ ಪತ್ರ ಕೊಟ್ಟ ಅಧಿಕಾರ ಎಷ್ಟು, ಕೊಡದೆ ಬಿಟ್ಟದ್ದೆಷ್ಟು ಎಂಬುದನ್ನು ತಿಳಿಯುವುದರಲ್ಲೇ ಮಿಡಲ್ಟನ್ನರ ಎಂಟು ವರ್ಷ ಕಳೆಯಿತು. ಪಾದ್ರಿಗಳು ಬಿಷಪ್ಪರ ಅಧೀನ ಎಂದು ಪತ್ರ ಹೇಳುತ್ತಿತ್ತು, ಆದರೆ ಅವರನ್ನು ಯಾವ ಊರಿಗೆ ಹಾಕಬೇಕೆಂದು ನಿರ್ಧರಿಸುತ್ತಿದ್ದದ್ದು ಕಂಪನಿ ಸರಕಾರ. ಮಿಷನರಿಗಳಿಗೆ ತಾವು ಪರವಾನಗಿ ಕೊಡಬಹುದೇ ಎಂಬ ಬಗ್ಗೆ ಅವರಿಗೇ ಖಾತ್ರಿಯಿರಲಿಲ್ಲ, ಕೊಡಲಿಲ್ಲ. ಭಾರತೀಯರಿಗೆ ದೀಕ್ಷೆ ಕೊಡುವ ಅಧಿಕಾರವೂ ಪತ್ರದಲ್ಲಿ ಸ್ಪಷ್ಟವಿರಲಿಲ್ಲ. ಪಾದ್ರಿಗಳನ್ನು ತರಬೇತು ಮಾಡಲು ಹೂಗ್ಲಿ ದಡದ ಶಿಬ್‌ಪುರದಲ್ಲಿ 1820ರಲ್ಲಿ ಬಿಷಪ್ಸ್ ಕಾಲೇಜಿಗೆ ಶಂಕುಸ್ಥಾಪನೆ ಮಾಡಿದರು; ಅಲ್ಲಿ ತಯಾರಾದ ಬಂಗಾಳಿಗೆ ದೀಕ್ಷೆ ಕೊಡಲು ಮಾತ್ರ ಅವರ ಕೈ ಕಟ್ಟಿತ್ತು. (ಕವಿ ಮೈಕೇಲ್ ಮಧುಸೂದನ ದತ್ತ ಮುಂದೆ ಓದಿದ್ದು ಇದೇ ಕಾಲೇಜಿನಲ್ಲಿ.) 1822ರಲ್ಲಿ ಮಿಡಲ್ಟನ್ ತೀರಿಕೊಂಡರು.

ಎರಡನೆಯ ಬಿಷಪ್ ರೆಜಿನಾಲ್ಡ್ ಹೀಬರ್ ಬರುವ ಹೊತ್ತಿಗೆ ಪಾರ್ಲಿಮೆಂಟು ಕಾನೂನಿನ ಈ ತೊಡಕನ್ನು ಬಿಡಿಸಿತ್ತು. 1824ರಲ್ಲಿ ಅವರು ಕ್ರಿಶ್ಚಿಯನ್ ಡೇವಿಡ್ ಎಂಬ ತಮಿಳರಿಗೆ ದೀಕ್ಷೆ ಕೊಟ್ಟರು. ಮರುವರ್ಷ ಇಸ್ಲಾಮಿನಿಂದ ಬಂದ ಅಬ್ದುಲ್ ಮಸೀಹರಿಗೆ. ಮಿಡಲ್ಟನ್ ಹಿಂಜರಿದಿದ್ದ ಮಿಷನರಿ ಪರವಾನಗಿಗಳನ್ನೂ ಕೊಟ್ಟರು. ಗಂಗೆಯಲ್ಲಿ ದೋಣಿ ಹತ್ತಿ ಹೊರಟವರು ಢಾಕಾ, ಕಾಶಿ, ಲಖನೌ, ದೆಹಲಿ, ಬರೋಡ ದಾಟಿ ಬೊಂಬಾಯಿಗೆ ಬಂದು, ಅಲ್ಲಿಂದ ಸಿಂಹಳಕ್ಕೆ ಹೋಗಿ ಕಲ್ಕತ್ತಾಕ್ಕೆ ಮರಳುವಾಗ ವರ್ಷ ದಾಟಿ ತಿಂಗಳುಗಳು ಸಂದಿದ್ದವು. ಆ ಕಾಲದ ಕಲ್ಕತ್ತಾ ಡಯಾಸಿಸ್ (ಬಿಷಪ್ಪರ ಅಧಿಕಾರದ ಸೀಮೆ) ಅಂದರೆ ಇಡೀ ಬ್ರಿಟಿಷ್ ಭಾರತ ಮಾತ್ರವಲ್ಲ. 1824ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸನ್ನೂ ಅದಕ್ಕೇ ಕಟ್ಟಿದರು! 1836ರಲ್ಲಿ ಆಸ್ಟ್ರೇಲಿಯಾಕ್ಕೆ ಸ್ವಂತ ಬಿಷಪ್ಪರು ಬರುವವರೆಗೆ ಆ ನಂಟು ಕಾಗದದ ಮೇಲೆ ಉಳಿಯಿತು.

1826ರ ಏಪ್ರಿಲ್ 3ರ ಬೆಳಗ್ಗೆ ತಿರುಚಿರಾಪಳ್ಳಿಯ ತಮಿಳು ಕ್ರೈಸ್ತ ಸಭೆಯಲ್ಲಿ ದೃಢೀಕರಣ ಮುಗಿಸಿ, ಸ್ನಾನಕ್ಕೆ ನೀರಿಗಿಳಿದ ಹೀಬರ್ ಅಲ್ಲೇ ಕೊನೆಯುಸಿರೆಳೆದರು. ವಯಸ್ಸು 42. ಅವರ ನಂತರ ಬಂದ ಜೇಮ್ಸ್ 1828ರಲ್ಲಿ, ಟರ್ನರ್ 1831ರಲ್ಲಿ ಹೋದರು. ಹದಿನೇಳು ವರ್ಷಗಳಲ್ಲಿ ನಾಲ್ವರು ಬಿಷಪ್ಪರ ಸಾವು ಕಂಡ ಮೇಲೆ, ಇಷ್ಟು ದೊಡ್ಡ ಸೀಮೆ ಒಬ್ಬರ ಹೆಗಲಿಗೆ ಸಲ್ಲದು ಎಂಬ ವಾದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. 1833ರ ಕಾಯ್ದೆಯ ಪ್ರಕಾರ 1835ರಲ್ಲಿ ಮದರಾಸು, 1837ರಲ್ಲಿ ಬೊಂಬಾಯಿ ಬೇರೆ ಡಯಾಸಿಸ್‌ಗಳಾದವು. ಬೆಂಗಳೂರು ಮದರಾಸಿನ ಪಾಲಿಗೆ ಬಂತು. ಕಲ್ಕತ್ತಾದವರು ಇವರೆಲ್ಲರ ಮೇಲಿನ ಮೆಟ್ರೊಪಾಲಿಟನ್ ಆದರು.

ಮೊದಲ ಮೆಟ್ರೊಪಾಲಿಟನ್ ಡೇನಿಯಲ್ ವಿಲ್ಸನ್ 1832ರಿಂದ 1858ರವರೆಗೆ ಗಟ್ಟಿಯಾಗಿ ಕೂತರು. ಕಲ್ಕತ್ತಾದಲ್ಲಿ ಸೇಂಟ್ ಪಾಲ್ಸ್ ಕೆಥೆಡ್ರಲ್ (ಬಿಷಪ್ಪರ ಪೀಠವಿರುವ ಮುಖ್ಯ ಚರ್ಚು) ಕಟ್ಟಿಸಿ 1847ರಲ್ಲಿ ಪ್ರತಿಷ್ಠಾಪಿಸಿದವರು ಅವರೇ. ಆದರೆ ನನಗೆ ಕೆಥೆಡ್ರಲ್ಲಿಗಿಂತ ದೊಡ್ಡದಾಗಿ ಕಾಣುವುದು 1833ರಲ್ಲಿ ಅವರು ದಕ್ಷಿಣದ ಸಭೆಗಳಿಗೆ ಬರೆದ ಪತ್ರ. ಚರ್ಚಿನೊಳಗೆ ಜಾತಿ ಈ ಕ್ಷಣವೇ ತೊಲಗಬೇಕು ಎಂಬುದು ಅದರ ಸಾರ. ತಂಜಾವೂರಿನಲ್ಲಿ ಮೇಲುಜಾತಿ ಎನಿಸಿದ್ದ ವೆಳ್ಳಾಳ ಕ್ರೈಸ್ತರು ಒಂದು ಕಡೆ, ‘ಕೆಳಜಾತಿ’ಯವರು ಇನ್ನೊಂದು ಕಡೆ ಕೂರುತ್ತಿದ್ದರು. ಹೀಬರ್ ಇದನ್ನು ಕಂಡೂ ಮೆತ್ತಗೆ ಹೋಗುವುದು ಲೇಸೆಂದಿದ್ದರು. ವಿಲ್ಸನ್ ಪಟ್ಟು ಹಿಡಿದರು. ತಮಿಳು ಕ್ರೈಸ್ತ ಕವಿ ವೇದನಾಯಗಂ ಶಾಸ್ತ್ರಿಗಳು ಎದುರು ನಿಂತರು, ಅನೇಕರು ಸಭೆ ಬಿಟ್ಟು ನಡೆದರು. ಬಿಷಪ್ಪರ ಆಜ್ಞೆ ಸಂಬಳದ ಪಾದ್ರಿಗಳ ಮೇಲೆ ನಡೆದಷ್ಟು ಸಲೀಸಾಗಿ ಜನರ ಮೇಲೆ ನಡೆಯಲಿಲ್ಲ. ಜಾತಿ ಇಂದಿಗೂ ನಮ್ಮ ಚರ್ಚುಗಳಿಂದ ಪೂರ್ತಿ ಹೋಗಿಲ್ಲ ಎನ್ನುವುದನ್ನು ಮುಚ್ಚಿಡುವುದೇಕೆ?

ವಿಲ್ಸನ್ನರ ನಂತರದ ಜಾರ್ಜ್ ಕಾಟನ್ ಹೆಸರನ್ನು ಬೆಂಗಳೂರಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಇಂಗ್ಲೆಂಡಿನ ಮಾರ್ಲ್‌ಬರೋದಲ್ಲಿ ಹೆಡ್‌ಮಾಸ್ಟರಾಗಿದ್ದ ಅವರು ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳಿಗಾಗಿ ಶಾಲೆಗಳ ಯೋಜನೆ ಹಾಕಿದರು. ಶಿಮ್ಲಾ ಶಾಲೆ 1859ರದು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯನ್ನು 1865ರಲ್ಲಿ ಆರಂಭಿಸಿದವರು ಪಾದ್ರಿ ಸ್ಯಾಮ್ಯುಯೆಲ್ ಪೆಟಿಗ್ರೂ. ಮರುವರ್ಷ ಬಂಗಾಳದ ಕುಷ್ಟಿಯಾದಲ್ಲಿ ಹಲಗೆ ದಾಟಿ ಸ್ಟೀಮರ್ ಹತ್ತುವಾಗ ಕಾಟನ್ ಕಾಲು ಜಾರಿ ಹೊಳೆಗೆ ಬಿದ್ದರು. ಹೆಣವೂ ಸಿಗಲಿಲ್ಲ.

ಭಾರತೀಯರೊಬ್ಬರು ಬಿಷಪ್ ಆಗಲು 1912ರ ಡಿಸೆಂಬರ್ 29ರವರೆಗೆ ಕಾಯಬೇಕಾಯಿತು. ಅಂದು ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನಲ್ಲಿ ವಿ.ಎಸ್. ಅಜರಯ್ಯನವರಿಗೆ ಪಟ್ಟಾಭಿಷೇಕವಾಯಿತು. ಬಿಳಿಯ ಪಾದ್ರಿಗಳು ಭಾರತೀಯರ ಕೈಕೆಳಗೆ ಕೆಲಸ ಮಾಡುವುದುಂಟೇ ಎಂಬ ತಕರಾರು ಜೋರಾಗಿಯೇ ಇತ್ತು. ಅವರಿಗೆ ಸಿಕ್ಕದ್ದು ನಿಜಾಮರ ಸೀಮೆಯ ದೋರ್ಣಕಲ್, ಬಿಳಿಯರು ಹೆಚ್ಚಿಲ್ಲದ ಹಳ್ಳಿಗಾಡು. 1945ರಲ್ಲಿ ಅವರು ತೀರಿಕೊಳ್ಳುವವರೆಗೂ ಸ್ವಂತ ಡಯಾಸಿಸ್ ಇದ್ದ ಆಂಗ್ಲಿಕನ್ ಭಾರತೀಯ ಬಿಷಪ್ ಅವರೊಬ್ಬರೇ. ಮೂವತ್ತೆರಡು ವರ್ಷ ‘ಪ್ರಯೋಗ’ ನಡೆಸಿಯೂ ಎರಡನೆಯವರನ್ನು ಹುಡುಕದವರಿಗೆ ಯೋಗ್ಯರು ಸಿಗಲಿಲ್ಲವೆನ್ನುವ ನೆಪ ಒಪ್ಪುವುದಿಲ್ಲ.

ಅಷ್ಟರಲ್ಲಿ ರಾಜಮುದ್ರೆಯ ಕಾಲ ಮುಗಿದಿತ್ತು. 1927ರ ಕಾಯ್ದೆಯಂತೆ 1930ರ ಮಾರ್ಚ್ 1ರಿಂದ ಭಾರತದ ಆಂಗ್ಲಿಕನ್ ಸಭೆ ಇಂಗ್ಲೆಂಡಿನ ಪ್ರಭುತ್ವದ ಹಿಡಿತದಿಂದ ಬಿಡಿಸಿಕೊಂಡು ತನ್ನದೇ ನಿಯಮಾವಳಿಯಡಿ ನಡೆಯತೊಡಗಿತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣದ ಡಯಾಸಿಸ್‌ಗಳು ಮೆಥಡಿಸ್ಟರು ಮುಂತಾದ ಪ್ರೊಟೆಸ್ಟೆಂಟ್ ಪಂಗಡದವರ ಜೊತೆ ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ ಆದವು. ಆ ದಿನವೇ ಪಟ್ಟಕ್ಕೆ ಬಂದ ಮೈಸೂರು ಡಯಾಸಿಸ್ಸಿನ ಮೊದಲ ಬಿಷಪ್ ಪಿ. ಗುರುಶಾಂತ ಆಂಗ್ಲಿಕನ್ನರಲ್ಲ, ಮೆಥಡಿಸ್ಟ್ ಹಿನ್ನೆಲೆಯವರು. ಕಲ್ಕತ್ತಾ ಈ ಕೂಟದಿಂದ ಹೊರಗೇ ಉಳಿಯಿತು. ಅಲ್ಲಿನ ಪೀಠಕ್ಕೆ ಮೊದಲ ಬಂಗಾಳಿ, ಅರವಿಂದನಾಥ ಮುಖರ್ಜಿ, ಬಂದದ್ದು 1950ರಲ್ಲಿ. 1970ರ ನವೆಂಬರ್ 29ರಂದು ನಾಗಪುರದಲ್ಲಿ ಚರ್ಚ್ ಆಫ್ ನಾರ್ತ್ ಇಂಡಿಯಾ ಸ್ಥಾಪನೆಯಾದಾಗ ಕಲ್ಕತ್ತಾ ಅದರ ಹಲವು ಡಯಾಸಿಸ್‌ಗಳಲ್ಲಿ ಒಂದಾಯಿತು. ಮೆಟ್ರೊಪಾಲಿಟನ್ ಹುದ್ದೆ ಇಲ್ಲವಾಯಿತು.

ಪಾದ್ರಿಗಳಿಗೆ ದೀಕ್ಷೆ ಕೊಡುವ ಕೆಲಸ ಈಗಲೂ ಬಿಷಪ್ಪರದೇ. ಆಡಳಿತವನ್ನು ಮಾತ್ರ ಪಾದ್ರಿಗಳೂ ಸಭೆಯ ಸಾಮಾನ್ಯ ಸದಸ್ಯರೂ ಇರುವ ಡಯಾಸಿಸ್ ಕೌನ್ಸಿಲ್ಲಿನೊಡನೆ ಹಂಚಿಕೊಳ್ಳಬೇಕು. ಬಿಷಪ್ ಹುದ್ದೆಗೆ ಹೆಸರುಗಳು ಅಲ್ಲಿಂದಲೇ ಮತದ ಮೂಲಕ ಮೇಲೇರಬೇಕು, ಆ ಮತದಾನದ ತಕರಾರು ಕೆಲವೊಮ್ಮೆ ಹೈಕೋರ್ಟಿನವರೆಗೂ ಹೋಗುತ್ತದೆ.