ವಾಲ್‌ಮಾರ್ಟಿನ ಮಾಲು, ನಮ್ಮ ಉದ್ರಿ ಪುಸ್ತಕ

ರಾಯಚೂರಿನಾಗ ಕಿರಾಣಿ, ಹೋಲ್‌ಸೇಲ್ ಅಂಗಡಿಯವ್ರ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಲೆಕ್ಕ ನೋಡೋದು ನನ್ನ ಕೆಲಸ. ಬಂದೋರೆಲ್ಲ ಕೇಳೋದು ಒಂದೇ, "ಸರ್, ಈ ದೊಡ್ಡ ಕಂಪನಿಯವ್ರು ನಮ್ಮ ಖರೀದಿ ರೇಟಿಗಿಂತ ಕಡಿಮಿ ಹೆಂಗ ಮಾರ್ತಾರ್ರೀ?" ಲಾರಿಗಟ್ಲೆ ತಗೊಂಡ್ರ ಅಗ್ಗ ಸಿಗ್ತದ, ಖರೆ, ಆದ್ರ ಅದು ಅರ್ಧ ಉತ್ತರ.

ಅಮೆರಿಕಾದ ದೊಡ್ಡ ಚಿಲ್ಲರೆ ಅಂಗಡಿ ಕಂಪನಿ ವಾಲ್‌ಮಾರ್ಟಿನ ಬ್ಯಾಲೆನ್ಸ್ ಶೀಟ್ ನೋಡ್ರಿ. 2024ರ ಜನವರಿ ಕೊನಿಗೆ ಅವ್ರ ಸ್ಟಾಕು ಸುಮಾರು 5,500 ಕೋಟಿ ಡಾಲರ್, ಸಪ್ಲೈಯರ್‌ಗಳಿಗೆ ಕೊಡೋ ಬಾಕಿ ಸುಮಾರು 5,700 ಕೋಟಿ. ಅಂದ್ರ ರ‍್ಯಾಕಿನ ಮ್ಯಾಲಿನ ಮಾಲಿಗೆ ಸ್ವಂತ ರೊಕ್ಕ ಹೆಚ್ಚುಕಡಿಮಿ ಹಾಕೇ ಇಲ್ಲ, ಗಿರಾಕಿ ಕೌಂಟರ್‌ನಾಗ ಕೊಟ್ಟ ನಗದಿನಾಗ ಸಪ್ಲೈಯರ್ ಬಿಲ್ ಮುಗಿತದ. ನಮ್ಮ ಕಡೆ ಉಲ್ಟಾ. ನನ್ನ ಕ್ಲೈಂಟ್ ಒಬ್ರು, ಹಳ್ಳಿ ಗಿರಾಕಿ ಜಾಸ್ತಿ, ಜೂನ್‌ನಾಗ ಕೊಟ್ಟ ಎಣ್ಣಿ ಸಕ್ಕರಿ ದುಡ್ಡು ಹತ್ತಿ ಮಾರಿದ ಮ್ಯಾಲೆ ಬರೋದು. ಉದ್ರಿ ಪುಸ್ತಕದಾಗ ಹೆಸರಿನ ಮುಂದ ಫೋನ್ ನಂಬರ್ ಬದ್ಲಿ "ಕೆಂಪು ಟ್ರ್ಯಾಕ್ಟರ್" ಅಂತ ಬರ್ದದ! ಅಲ್ಲಿತನಕ ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್ ಸಾಲ) ಬಡ್ಡಿ ಇವ್ರ ತಲಿ ಮ್ಯಾಲೆ.

ಲಾಭ ನೋಡಿದ್ರ ಆ ವರ್ಷ ವಾಲ್‌ಮಾರ್ಟಿಗೆ ನೂರರ ಮಾರಾಟಕ್ಕ ಎರಡೂವರೆನೂ ಉಳಿದಿಲ್ಲ. ನಮ್ಮೋರು ಇಷ್ಟಕ್ಕ ಷಟರ್ ಎತ್ತಂಗಿಲ್ಲ. ಆದ್ರ ಅವ್ರ ಮಾಲು ಸರಾಸರಿ 40 ದಿನಕ್ಕ ಒಂದ್ಸಲ ತಿರಗ್ತದ, ಅದೇ ಗಳಿಕಿ.

1962ರಾಗ ಸ್ಯಾಮ್ ವಾಲ್ಟನ್ ಅಮೆರಿಕಾದ ಆರ್ಕನ್ಸಾದ ರಾಜರ್ಸ್ ಅನ್ನೋ ಸಣ್ಣ ಊರಾಗ ವಾಲ್‌ಮಾರ್ಟಿನ ಮೊದಲ್ನೇ ಅಂಗಡಿ ತೆಗೆದ. ಮುಂದ ಒಂದು ಗೋದಾಮು, ಸುತ್ತ ಒಂದು ದಿನದ ದಾರಿಯೊಳಗ ಅಂಗಡಿ, ಹಿಂಗ ಬೆಳೆಸಿದ್ರು. ಬಂದ ಲಾರಿಯಿಂದ ಎಷ್ಟೋ ಮಾಲು ಗೋದಾಮಿನಾಗ ಇಡದೇ ಸೀದಾ ಅಂಗಡಿ ಲಾರಿಗೆ ಹತ್ತಿಸ್ತಾರ, ಇದೇ ಕ್ರಾಸ್ ಡಾಕಿಂಗ್. ಯಾವ ಅಂಗಡಿಯಾಗ ಎಷ್ಟು ಸೋಪು ಹೋತು ಅಂತ ಸಪ್ಲೈಯರ್‌ಗೇ ರಿಟೇಲ್ ಲಿಂಕ್ ಅನ್ನೋ ಸಿಸ್ಟಮ್‌ನಾಗ ಕಾಣ್ತದ. ಹಬ್ಬಕ್ಕೊಂದು ಆಫರ್ ಅಂತ ಏರಿಸಿ ಇಳಿಸೋಕಿಂತ ದಿನಾ ಕಡಿಮಿ ರೇಟ್ ಇಡೋದೇ ಅವ್ರ ಪಾಲಿಸಿ, ಅದಕ್ಕ ಬೇಡಿಕಿ ಅಂದಾಜು ಸಿಗ್ತದ. ಸಪ್ಲೈಯರ್‌ನ ಹಿಂಡ್ತಾರ ಅನ್ನೋದೂ ಸುಳ್ಳಲ್ಲ, ಆ ಭಾಗ ನನಗ ಸೇರಂಗಿಲ್ಲ.

ಭಾರತದಾಗ ಅವ್ರ ಚಿಲ್ಲರೆ ಅಂಗಡಿ ಇಲ್ರಿ, 2018ರಾಗ ಫ್ಲಿಪ್‌ಕಾರ್ಟ್‌ನ 77% ಪಾಲು ತಗೊಂಡು ಮೊಬೈಲ್‌ನಾಗ ಬಂದಾರ.

ನಮ್ಮೋರು ಮಾರ್ಚ್‌ನಾಗ "10 ಕೇಸಿಗೆ 1 ಫ್ರೀ" ಸ್ಕೀಮ್ ಅಂತ ಶಾಂಪೂ ತುಂಬಿಸಿ ಡಿಸೆಂಬರ್‌ಗೆ ಎಕ್ಸ್‌ಪೈರಿ ಎಣಸ್ತಾರ. ಲೆಕ್ಕ ಬರೆಯೋ ಟ್ಯಾಲಿ ಸಾಫ್ಟ್‌ವೇರ್‌ನಾಗ ಸ್ಟಾಕ್ ಏಜಿಂಗ್ ರಿಪೋರ್ಟ್ ಅದ, ಯಾವ ಮಾಲು ಎಷ್ಟು ದಿನದಿಂದ ಕುಂತದ ಅಂತ ತೋರಸ್ತದ. ಮುಂದಿನ ಸಲ ಸ್ಟಾಕ್ ಲಿಸ್ಟ್ ಜೋಡಿ ಅದನ್ನೂ ಪ್ರಿಂಟ್ ತಗೊಂಡು ಬರ್ರಿ.